ಗುರುವಾರ ಹೊರಟು ಸೋಮವಾರ ಮುಟ್ಟಿದ ರುದ್ರಪ್ಪ

ರುದ್ರಪ್ಪ ಹತ್ತೊಂಬತ್ತು ವರ್ಷ ನಡೆದ ನಡಿಗೆಯನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದ್ದರೆ ಕಾಶಿ ಮುಟ್ಟಿ, ಕೊಡೆ ಮರೆತೆನೆಂದು ತನ್ನೂರು ಗದಗಿಗೆ ವಾಪಸು ಬಂದು, ಮತ್ತೆ ಕಾಶಿಗೆ ಹೋಗಬಹುದಿತ್ತು. ಆದರೆ ಆ ನಡಿಗೆಯೆಲ್ಲ ನಡೆದದ್ದು ನಾಗಪುರದ ಗೂಡ್ಸ್ ಯಾರ್ಡಿನ ಒಂದು ಮೈಲಿ ಜಾಗದಲ್ಲಿ. ಅವನ ಹುದ್ದೆಯ ಹೆಸರು ನಂಬರ್ ಟೇಕರ್. ಮಾಲುಗಾಡಿ ಬಂದು ನಿಂತಿತೆಂದರೆ ಎಂಜಿನ್ನಿನಿಂದ ಹಿಡಿದು ಗಾರ್ಡಿನ ಡಬ್ಬಿಯವರೆಗೆ ನಡೆಯುತ್ತ, ಒಂದೊಂದು ವ್ಯಾಗನ್ನಿನ ಮೈಮೇಲಿನ ನಂಬರನ್ನೂ ಪುಸ್ತಕದಲ್ಲಿ ಇಳಿಸಿಕೊಳ್ಳಬೇಕು. ಇಳಿಸಿಕೊಂಡು ಮುಗಿಸುವಷ್ಟರಲ್ಲಿ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ಬಂದು, ನನ್ನದೂ ಬರಕೋ ಎಂಬಂತೆ ನಿಂತಿರುತ್ತಿತ್ತು.

ನಾಗಪುರದ ಬೇಸಿಗೆ ಎಂಥದೆಂದು ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಮೇ ತಿಂಗಳಲ್ಲಿ ಅಲ್ಲಿಯ ನೆರಳೇ ನೆರಳು ಹುಡುಕಿಕೊಂಡು ಹೋಗಿ ಮರದ ಬುಡದಲ್ಲಿ ಕೂತಿರುತ್ತದೆ. ಕಬ್ಬಿಣದ ವ್ಯಾಗನ್ನಿನ ಪಕ್ಕ ನಿಂತು ರುದ್ರಪ್ಪ ನಂಬರು ಬರೆದರೆ ಮಸಿ ನಿಬ್ಬಿನಿಂದ ಕಾಗದಕ್ಕೆ ಇಳಿಯುವ ಮೊದಲೇ ಒಣಗಿ ಪುಡಿಯಾಗುತ್ತಿತ್ತು, ಅದಕ್ಕೇ ಅವನು ಪೆನ್ಸಿಲ್ಲು ಹಿಡಿದದ್ದು ಎಂದು ಯಾರ್ಡಿನವರು ಹೇಳುತ್ತಿದ್ದರು. ಮೊಣಕಾಲು ಎರಡೂ ಸವೆದಿದ್ದವು. ಬಲಗಾಲು ಬಗ್ಗುವಾಗ ಹಳೆಯ ಬಾಗಿಲಿನಂತೆ ಸದ್ದು ಮಾಡುತ್ತಿತ್ತು, ಎಡಗಾಲು ಬಗ್ಗುವುದನ್ನೇ ಬಿಟ್ಟಿತ್ತು.

ಹೀಗಾಗಿ ರುದ್ರಪ್ಪನಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ: ಒಂದು ಕುರ್ಚಿ. ಇಲಾಖೆಯ ಪರೀಕ್ಷೆ ಪಾಸಾದರೆ ಯಾರ್ಡಿನ ಕಚೇರಿಯಲ್ಲಿ ಕ್ಲಾರ್ಕ್ ಆಗಬಹುದು. ಕ್ಲಾರ್ಕ್ ಎಂದರೆ ಮೇಲೆ ಹೆಂಚು, ಕೆಳಗೆ ಕುರ್ಚಿ, ನಡುವೆ ಮನುಷ್ಯ. ಪರೀಕ್ಷೆಗೆ ಮೂರೇ ಸಲ ಕೂಡಬಹುದೆಂಬುದು ಕಾಯ್ದೆ. ರುದ್ರಪ್ಪ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಿದ್ದ. ಮೂರನೆಯದು ತಪ್ಪಿದರೆ ಇನ್ನು ಹದಿನಾರು ವರ್ಷ, ಪಿಂಚಣಿಯ ದಿನದವರೆಗೂ, ವ್ಯಾಗನ್ನುಗಳ ಜೊತೆಯೇ ಸಂಸಾರ.

ಎರಡು ಸಲವೂ ಅವನನ್ನು ಕೆಡವಿದ್ದು ಇಂಗ್ಲಿಷ್ ಪತ್ರಿಕೆ, ಅದರಲ್ಲೂ ಕಾಲ ಹೇಳುವ ಪುಟ್ಟ ಪುಟ್ಟ ಪದಗಳು. ಆಟ್, ಆನ್, ಇನ್. ಎರಡೆರಡು ಅಕ್ಷರದ ಈ ಪದಗಳು ಆರಡಿಯ ರುದ್ರಪ್ಪನನ್ನು ಎತ್ತಿ ಒಗೆದಿದ್ದವು. ಕನ್ನಡದಲ್ಲಿ ಈ ಗೋಳಿಲ್ಲ. ಐದಕ್ಕೆ ಬಾ, ಸೋಮವಾರಕ್ಕೆ ಬಾ, ಶ್ರಾವಣಕ್ಕೆ ಬಾ ಎಂದರೆ ಮುಗಿಯಿತು, ಬರುವವನು ಬರುತ್ತಾನೆ. ಇಂಗ್ಲಿಷಿನಲ್ಲಿ ಐದಕ್ಕೆ ಬರುವವನಿಗೆ ಒಂದು ಬಾಗಿಲು, ಸೋಮವಾರಕ್ಕೆ ಬರುವವನಿಗೆ ಇನ್ನೊಂದು, ಶ್ರಾವಣಕ್ಕೆ ಬರುವವನಿಗೆ ಮತ್ತೊಂದು.

ಮೂರನೆಯ ಸಲಕ್ಕೆಂದು ಅವನು ಉಮಾಕಾಂತ ಮಾಸ್ತರರ ಕಾಲು ಹಿಡಿದ. ಮಾಸ್ತರರು ಧಾರವಾಡದ ಕಡೆಯವರು, ನಾಗಪುರದ ಸದರ್ ಬಡಾವಣೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅರವತ್ತರ ಹತ್ತಿರದ ವಯಸ್ಸು. ಅವರ ಮನೆಯ ಕಟ್ಟೆಯ ಮೇಲೆ ದಿನಾ ಸಂಜೆ ರುದ್ರಪ್ಪನಿಗೆ ಪಾಠ.

"ನೋಡಪಾ ರುದ್ರಪ್ಪಾ, ನಿನಗ ನಿನ್ನ ಯಾರ್ಡಿನ ಭಾಷಾದಾಗ ಹೇಳ್ತೀನಿ. ಗಂಟಿ ಅಂದ್ರ ಸಿಗ್ನಲ್ ಕಂಬ. ಅದರ ಮುಂದ ಬರೋಬರ್ ನಿಲ್ಲಬೇಕು. ಅದು ಆಟ್. ದಿನ ಅಂದ್ರ ಪ್ಲಾಟ್‌ಫಾರ್ಮು. ಅದರ ಮ್ಯಾಲೆ ಅಡ್ಡಾಡಬಹುದು. ಅದು ಆನ್. ತಿಂಗಳು, ವರ್ಷ ಅಂದ್ರ ವ್ಯಾಗನ್ನು. ಅದರೊಳಗ ಹೊಕ್ಕು ಕೂಡೋದು. ಅದು ಇನ್. ತಿಳೀತಿಲ್ಲೋ?"

"ತಿಳೀತ್ರಿ. ಆದ್ರ ಮುಂಜಾನಿ ಅನ್ನೋದು ದಿನದ ಒಂದು ತುಣುಕು ಹೌದಲ್ರಿ? ಪ್ಲಾಟ್‌ಫಾರ್ಮಿನ ತುಣುಕಿಗೆ ಇನ್ ಅಂತೀರಿ. ಅದು ವ್ಯಾಗನ್ನಿನೊಳಗ ಹ್ಯಾಂಗ ಹೋತು?"

"ಹೋತು. ಇಂಗ್ಲೀಷರು ಹಾಕ್ಯಾರ."

"ಮತ್ತ ರಾತ್ರಿಗೆ ಆಟ್ ಅಂತೀರಿ. ಅಷ್ಟು ಉದ್ದನ್ನ ರಾತ್ರಿ ಕಂಬ ಹ್ಯಾಂಗ ಆತ್ರಿ?"

ಮಾಸ್ತರರು ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ ಯೋಚಿಸಿದರು. "ಅವರ ರಾತ್ರಿ ಸಣ್ಣದಿರಬೇಕು. ಮಲಗಿದ್ರು, ಎದ್ರು. ಅವರಿಗೆ ತಿಗಣಿ ಇಲ್ಲಲ್ಲ."

ಟಿಲ್ ಮತ್ತು ಬೈ ಬಂದಾಗ ಎಂಟು ದಿನ ಕುಸ್ತಿಯಾಯಿತು. ಹಿಂದಿನ ಪರೀಕ್ಷೆಯಲ್ಲಿ ರುದ್ರಪ್ಪ, ಸೋಮವಾರದೊಳಗೆ ಬರುತ್ತೇನೆ ಎನ್ನಲು ಹೋಗಿ, ಸೋಮವಾರ ಬರುವ ತನಕ ಎಡೆಬಿಡದೆ ಬರುತ್ತಲೇ ಇರುತ್ತೇನೆ ಎಂದು ಬರೆದಿದ್ದ.

"ಟಿಲ್ ಅಂದ್ರ ಅಲ್ಲೀ ಮಟಾ ಕೂತೇ ಇರೋದು. ಬೈ ಅಂದ್ರ ಅಷ್ಟರೊಳಗ ಒಮ್ಮೆ ಕೆಲಸಾ ಮುಗಿಸೋದು."

"ಅಂದ್ರ ನಮ್ಮ ಹೆಣ್ತಿ ಅಣ್ಣ ಬಂದಾಗ ಇರೋದು ಟಿಲ್ ದೀಪಾವಳಿ. ಅವ ಹೋಗಲಿ ಅಂತ ನಾ ದೇವರಿಗೆ ಬೇಡಕೊಳ್ಳೋದು ಬೈ ದಸರಾ."

"ಈಗ ನಿನಗ ಇಂಗ್ಲೀಷು ಬರಾಕ ಹತ್ತೇದ," ಎಂದರು ಮಾಸ್ತರರು.

ಹೀಗೆ ಪಾಠ ನಡೆದಿರುವಾಗ ಪರೀಕ್ಷೆಯ ಕೋಣೆಗೆ ಒಳಬಿಡುವ ಚೀಟಿ, ಪಾಸು, ಬಂತು. ಅದರಲ್ಲಿ ಅಭ್ಯರ್ಥಿಯ ಹೆಸರು, ಕೆಳಗೆ ತಾರೀಖು: ಜೂನ್ ಇಪ್ಪತ್ತು, ಸಾವಿರದ ಒಂಬೈನೂರ ಐವತ್ತೈದು, ಸೋಮವಾರ, ಬೆಳಿಗ್ಗೆ ಎಂಟು. ರುದ್ರಪ್ಪ ಅದನ್ನು ಅಜನಿಯ ರೈಲ್ವೆ ಕ್ವಾರ್ಟರ್ಸಿನ ತನ್ನ ಮನೆಗೆ ತಂದು ಹೆಂಡತಿ ಲಕ್ಷ್ಮವ್ವನ ಕೈಗೆ ಕೊಟ್ಟ. ಅವಳಿಗೆ ಇಂಗ್ಲಿಷ್ ಬಾರದು, ಪಂಚಾಂಗ ಬರುತ್ತಿತ್ತು. ತಾರೀಖು ಕೇಳಿ ಪಂಚಾಂಗ ತೆಗೆದವಳು ಹಾಗೇ ಮುಚ್ಚಿಟ್ಟಳು.

"ಏನ್ರಿ, ಆ ದಿನ ಅಮಾಸಿ."

"ಇರಲಿ ಬಿಡ."

"ಸೂರ್ಯಗ್ರಹಣ ಐತಿ. ಏಳರ ಸುಮಾರು ಹಿಡಿದು ಒಂಬತ್ತರ ಆಚೆ ಬಿಡ್ತೈತಿ."

ರುದ್ರಪ್ಪ ಮುಚ್ಚಿಟ್ಟ ಪಂಚಾಂಗವನ್ನು ತಾನೇ ತೆಗೆದು ನೋಡಿದ.

"ಸೋಮವಾರ ಏಳೂವರೀಂದ ಒಂಬತ್ತರ ಮಟಾ ರಾಹುಕಾಲ. ನಿಮ್ಮ ಸಾಹೇಬರು ಇಷ್ಟೂ ಹುಡುಕಿ ಹುಡುಕಿ ಒಂದ ದಿನಕ್ಕ ಹ್ಯಾಂಗ ಕೂಡಿಸಿದ್ರು? ಯಾರರ ಜೋಯಿಸರನ್ನ ಪಗಾರ ಕೊಟ್ಟು ಇಟ್ಟಾರೇನು?"

ಅಂಥ ದಿನ ಗಂಡನನ್ನು ಹೊಸ್ತಿಲು ದಾಟಿಸುವುದು ಲಕ್ಷ್ಮವ್ವನಿಂದ ಆಗದ ಮಾತು. ದಾಟದಿದ್ದರೆ ಕುರ್ಚಿಯಿಲ್ಲ. ಆದರೆ ಹಿರಿಯರು ಇಂಥ ಇಕ್ಕಟ್ಟಿಗೆಂದೇ ಒಂದು ದಾರಿ ಮಾಡಿಟ್ಟಿದ್ದರು. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಹೋಗಬೇಕಾದ ದಿನ ಕೆಟ್ಟದ್ದಾಗಿದ್ದರೆ ಅದಕ್ಕೂ ಮುಂಚಿನ ಒಳ್ಳೆಯ ಮುಹೂರ್ತದಲ್ಲಿ ಹೋಗುವವನ ಗಂಟೊಂದನ್ನು ಕಟ್ಟಿ ಪಕ್ಕದವರ ಮನೆಯಲ್ಲಿ ಇಟ್ಟುಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ. ಆಮೇಲೆ ಅವನು ಮನೆಯಲ್ಲಿ ಉಂಡರೂ ಮಲಗಿದರೂ ಅದು ದಾರಿಯ ಮೇಲಿನ ಊಟ, ದಾರಿಯ ಮೇಲಿನ ನಿದ್ದೆ. ಕೆಟ್ಟ ದಿನ ಬಂದಾಗ ಗಂಟನ್ನು ಎತ್ತಿಕೊಂಡು ನಡೆದರಾಯಿತು. ಗಂಟು ಮಾತ್ರ ಮನೆಗೆ ವಾಪಸು ಬರಬಾರದು.

"ಪ್ರಸ್ಥಾನ ಊರಿಗೆ ಹೋಗೋರಿಗೆ," ಎಂದ ರುದ್ರಪ್ಪ. "ಇಲ್ಲಿಂದ ಆಫೀಸು ಎರಡು ಮೈಲಿ."

"ಎರಡು ಮೈಲಿ ಅಂದ್ರ ಪ್ರವಾಸ ಅಲ್ಲೇನು? ನಿಮ್ಮ ಮೊಣಕಾಲಿಗೆ ಕೇಳ್ರಿ."

ಮೊಣಕಾಲು ಲಕ್ಷ್ಮವ್ವನ ಪಕ್ಷಕ್ಕೆ ಸೇರಿತು. ಗುರುವಾರ ಬೆಳಿಗ್ಗೆ ಆರಕ್ಕೆ ಮುಹೂರ್ತ ಚೆನ್ನಾಗಿತ್ತು. ಅವಳು ಒಂದು ಧೋತರ, ಒಂದು ಹಿಡಿ ಅಕ್ಕಿ, ಅಡಿಕೆ, ಅರಿಸಿನ ಕೊಂಬು ಇಟ್ಟಳು. ಆಮೇಲೆ ಪರೀಕ್ಷೆಯ ಪಾಸು ಕೇಳಿದಳು.

"ಅದ್ಯಾಕ?"

"ಯಾವುದಿಲ್ಲದ ನೀವು ಹೋಗಾಕ ಬರೂದಿಲ್ಲೋ ಅದು ಗಂಟಿನಾಗ ಇರಬೇಕು. ನಮ್ಮವ್ವ ಹೇಳತಿದ್ಲು. ಇಲ್ಲಾಂದ್ರ ಅದು ಧೋತರದ ಪ್ರಸ್ಥಾನ ಆಗತೈತಿ, ನಿಮ್ಮದಲ್ಲ."

ಪಾಸು ಗಂಟಿನೊಳಗೆ ಹೋಯಿತು. ಗಂಟು ನಾಲ್ಕು ಮನೆ ಆಚೆ, ಫಿಟ್ಟರ್ ಪಾಂಡುರಂಗನ ಮನೆಯ ಗೂಡಿಗೆ ಹೋಯಿತು. ಪಾಂಡುರಂಗ ಒಂಟಿ ಮರಾಠಿ ಮನುಷ್ಯ. ಪ್ರಸ್ಥಾನವೆಂದರೇನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ, ಅವರಲ್ಲೂ ಅದೇ ಪದ್ಧತಿ. ಎರಡು ಕೈಯಲ್ಲಿ ಗಂಟು ತೆಗೆದುಕೊಂಡು ಹಣೆಗೆ ಒತ್ತಿಕೊಂಡು ಇಟ್ಟ.

ಶನಿವಾರ ಪಾಂಡುರಂಗ ಬೀಗ ಹಾಕಿಕೊಂಡು ಖಾಪರಖೇಡಾಕ್ಕೆ ಹೊರಟ. ಅವನ ತಂಗಿಯ ಗಂಡ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ. "ರವಿವಾರ ಸಂಜೀಕ ಬಂದ್ ಬಿಡ್ತೇನ್ ಭಾವೂ, ಫಿಕರ್ ಮಾಡಬ್ಯಾಡ," ಎಂದು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿ ಹೋದ. ರವಿವಾರ ಸಂಜೆ ಬಂತು, ಪಾಂಡುರಂಗ ಬರಲಿಲ್ಲ. ಸೋಮವಾರ ಬೆಳಕು ಹರಿಯಿತು. ರುದ್ರಪ್ಪ ಸ್ನಾನ ಮಾಡಿ, ಕೋಟು ಹಾಕಿಕೊಂಡು ಹೋಗಿ ನೋಡಿದರೆ ಬಾಗಿಲ ಮೇಲೆ ಬೀಗ ಕಲ್ಲಂಗಡಿಯಷ್ಟು ದಪ್ಪಗೆ ಕಂಡಿತು.

ಆರೂವರೆಯವರೆಗೆ ಅವನು ಬೀಗದ ಎದುರು ನಿಂತ. ಕಿಟಕಿಯ ಸಂದಿಯಿಂದ ಗೂಡು ಕಾಣುತ್ತಿತ್ತು, ಗೂಡಿನಲ್ಲಿ ಗಂಟು ಕಾಣುತ್ತಿತ್ತು, ಗಂಟಿನಲ್ಲಿ ಅವನ ಹದಿನಾರು ವರ್ಷ ಇದ್ದವು. ಲಕ್ಷ್ಮವ್ವ ಬಂದು ಪಕ್ಕದಲ್ಲಿ ನಿಂತಳು.

"ಬೀಗ ಒಡೀಲೇನು?" ಎಂದ.

"ಮಂದಿ ಮನಿ ಬೀಗ ಒಡದು ಹೊಂಟ್ರ ಯಾವ ಮುಹೂರ್ತ ಕಾಯ್ತೈತಿ? ನೀವು ನಡೀರಿ."

"ಪಾಸಿಲ್ಲದ?"

"ಗಂಟು ಹೊಂಟು ನಾಕು ದಿನ ಆತು. ನೀವು ಹಾದ್ಯಾಗ ಇದ್ದೀರಿ. ಹಾದ್ಯಾಗ ಇದ್ದವರು ಹೊಳ್ಳಿ ಮನ್ಯಾಗ ಬರಬಾರದು. ಅವ ಬಂದ ಕೂಡ್ಲೆ ಗಂಟು ತರ್ತೀನಿ."

ರುದ್ರಪ್ಪ ನಡೆದ. ಏಳು ದಾಟುತ್ತಿದ್ದಂತೆ ಬಿಸಿಲು ಬಣ್ಣ ಕಳೆದುಕೊಳ್ಳತೊಡಗಿತು, ಅರಿಸಿನದ ನೀರಿಗೆ ಹಾಲು ಹೊಯ್ದಂತೆ. ರಸ್ತೆಯ ಮೇಲೆ ಒಂದು ನರಪಿಳ್ಳೆಯಿಲ್ಲ. ಸೀತಾಬರ್ಡಿ ಪೇಟೆಯ ಕಡೆಯಿಂದ ದಿನಾ ಕಿವಿ ಒಡೆಯುವಂತೆ ಬರುತ್ತಿದ್ದ ಟಾಂಗಾಗಳೂ ಇಲ್ಲ. ನಾಗಪುರಕ್ಕೆ ನಾಗಪುರವೇ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು. ಊರಿಗೆಲ್ಲ ತಾನೊಬ್ಬನೇ ಮನುಷ್ಯನೆಂದು ರುದ್ರಪ್ಪನಿಗೆ ಅನ್ನಿಸಿತು, ಅದರಲ್ಲೂ ಪಾಸಿಲ್ಲದ ಮನುಷ್ಯ.

ಕಚೇರಿಯ ಬಾಗಿಲಲ್ಲಿ ಗುಮಾಸ್ತ ಗೋವಿಂದ ಮೇಜು ಹಾಕಿಕೊಂಡು ಪಾಸು ನೋಡಿ ಒಳಗೆ ಬಿಡುತ್ತಿದ್ದ. ಬಿಡಲು ಬಹಳ ಜನ ಇರಲಿಲ್ಲ.

"ಪಾಸ್?"

"ಗಂಟಿನಾಗ ಐತ್ರಿ."

"ಗಂಟು?"

"ಬೀಗದಾಗ."

"ಬೀಗದ ಕೈ?"

"ಖಾಪರಖೇಡಾದಾಗ."

ಗೋವಿಂದ ಲೇಖಣಿ ಕೆಳಗಿಟ್ಟ. ತನ್ನ ಮೇಜಿಗೆ ಇದು ನಿಲುಕದ ವ್ಯವಹಾರವೆಂದು ರುದ್ರಪ್ಪನನ್ನು ಪರೀಕ್ಷೆಯ ಸಾಹೇಬರ ಎದುರು ನಿಲ್ಲಿಸಿದ.

ಸಾಹೇಬರು ಹಳೆಯ ಆಂಗ್ಲೋ-ಇಂಡಿಯನ್ ಮನುಷ್ಯ. ಹೊತ್ತಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಅವರು ಸೀನಿದಾಗ ಊರಿನ ಗಡಿಯಾರದಂಗಡಿಯವರು ಮುಳ್ಳು ಸರಿಮಾಡಿಕೊಳ್ಳುತ್ತಾರೆಂಬ ಪ್ರತೀತಿ ಇತ್ತು. ರುದ್ರಪ್ಪ ಹಿಂದಿಯಲ್ಲಿ ಶುರುಮಾಡಿದ. ಸಾಹೇಬರು ಕೈಯೆತ್ತಿ ತಡೆದರು. ಪಾಸಿಲ್ಲದವನಿಗೆ ಇರುವುದು ಒಂದೇ ಉಪಾಯ: ಬರವಣಿಗೆಯಲ್ಲಿ ಕಾರಣ ಕೊಡುವುದು. ಇಂಗ್ಲಿಷಿನಲ್ಲಿ. ಎಂಟರ ಗಂಟೆ ಬಾರಿಸುವ ಮೊದಲು. ಏನು, ಎಲ್ಲಿ, ಯಾವಾಗಿನಿಂದ, ಯಾವಾಗಿನವರೆಗೆ. ಹೇಳಿ ಒಂದು ಹಾಳೆ ಮುಂದೆ ತಳ್ಳಿದರು. ಗೋಡೆಯ ಗಡಿಯಾರದಲ್ಲಿ ಎಂಟಕ್ಕೆ ಹದಿನೆಂಟು ನಿಮಿಷ ಇತ್ತು.

ರುದ್ರಪ್ಪ ಮೂಲೆಯ ಬೆಂಚಿನ ಮೇಲೆ ಕೂತ. ಎಡಗಾಲು ಬಗ್ಗದೆ ಸಿಗ್ನಲ್ಲಿನ ಕೈಯಂತೆ ಮುಂದಕ್ಕೆ ಚಾಚಿಕೊಂಡಿತು. ಎರಡು ಪರೀಕ್ಷೆಗಳಲ್ಲಿ ಅವನನ್ನು ಕೆಡವಿದ ಪದಗಳೆಲ್ಲ ಪೆನ್ಸಿಲ್ಲಿನ ತುದಿಗೆ ಬಂದು ಸಾಲುಗಟ್ಟಿ ನಿಂತವು. ಆದರೆ ಹಿಂದೆ ಬರೆದದ್ದೆಲ್ಲ ಯಾರೋ ಮಿಸ್ಟರ್ ಸ್ಮಿತ್ ಯಾವುದೋ ಸೋಮವಾರ ಲಂಡನ್ನಿಗೆ ಹೋದ ಸಂಗತಿ. ಸ್ಮಿತ್ ಹೋದರೆಷ್ಟು, ಬಿಟ್ಟರೆಷ್ಟು. ಈಗ ಹೋದದ್ದು ಅವನದೇ ಗಂಟು. ಅದು ಹೊಸ್ತಿಲು ದಾಟಿದ ಗುರುವಾರ ಅವನ ಕಣ್ಣ ಮುಂದಿತ್ತು, ಆರರ ಗಂಟೆ ಕಿವಿಯಲ್ಲಿತ್ತು. ನಿಧಾನವಾಗಿ, ವ್ಯಾಗನ್ನಿನ ನಂಬರು ಇಳಿಸಿಕೊಳ್ಳುವಂತೆ ಒಂದೊಂದನ್ನೇ ನೋಡಿ ಬರೆದ: ಮೈ ಬಂಡಲ್ ಲೆಫ್ಟ್ ಮೈ ಹೌಸ್ ಆನ್ ಥರ್ಸ್‌ಡೇ ಆಟ್ ಸಿಕ್ಸ್ ಇನ್ ದ ಮಾರ್ನಿಂಗ್. ಮೈ ಪಾಸ್ ಈಸ್ ಇನ್ ದ ಬಂಡಲ್. ಬಂಡಲ್ ಈಸ್ ಇನ್ ಪಾಂಡುರಂಗ್ಸ್ ಹೌಸ್ ಸಿನ್ಸ್ ಥರ್ಸ್‌ಡೇ. ಹೀ ಈಸ್ ಆಟ್ ಖಾಪರಖೇಡಾ ಟಿಲ್ ಎಕ್ಲಿಪ್ಸ್. ಮೈ ವೈಫ್ ವಿಲ್ ಬ್ರಿಂಗ್ ಇಟ್ ಬೈ ಟ್ವೆಲ್ವ್.

ಗ್ರಹಣ ಬಿಡದೆ ಪಾಂಡುರಂಗ ಹೊರಡಲಾರನೆಂಬುದು ಅವನ ಊಹೆ. ಹನ್ನೆರಡೆಂದು ಏಕೆ ಬರೆದನೋ ಅವನಿಗೇ ತಿಳಿಯದು. ಬೈ ಎಂದ ಮೇಲೆ ಏನಾದರೊಂದು ಹೊತ್ತು ಹೇಳಬೇಕಿತ್ತು.

ಸಾಹೇಬರು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ರುದ್ರಪ್ಪನ ಪಾಲಿನ ಇಂಗ್ಲಿಷ್ ಅವನ ಎಡಗಾಲಿನಂತೆಯೇ ನಡೆಯುತ್ತಿತ್ತು, ಆದರೂ ನಡೆಯಿತು.

"ನೀನಿರುವುದು ಎಲ್ಲಿ?"

"ಅಜನಿ, ಸರ್."

"ಎರಡು ಮೈಲಿ. ಗುರುವಾರ ಹೊರಟು ಸೋಮವಾರ ಮುಟ್ಟಿದ್ದೀಯ. ನಮ್ಮ ಮಾಲುಗಾಡಿ ಕೂಡ ಇಷ್ಟು ತಡ ಮಾಡುವುದಿಲ್ಲ."

"ಗಂಟು ಹೊರಟದ್ದು ಗುರುವಾರ, ಸರ್. ನಾನು ಇವತ್ತು."

"ಮತ್ತೆ ಗಂಟು ಯಾಕೆ ಮುಂದೆ ಹೋಯಿತು?"

"ಇವತ್ತು ಗ್ರಹಣ, ಸರ್. ಗ್ರಹಣದಲ್ಲಿ ಯಾರೂ ಮನೆ ಬಿಡುವುದಿಲ್ಲ. ಆದರೆ ನಾನು ಇವತ್ತು ಬಿಡಲಿಲ್ಲ. ಗುರುವಾರವೇ ಬಿಟ್ಟಿದ್ದೇನೆ. ಅದಕ್ಕೆ ಬರಲಿಕ್ಕಾಯಿತು."

ಸಾಹೇಬರು ಪರೀಕ್ಷೆಯ ಕೋಣೆಯತ್ತ ನೋಡಿದರು. ಮೂವತ್ತೊಂದು ಮೇಜು ಹಾಕಿಸಿದ್ದರು. ಕೂತವರು ಆರು ಜನ. ಉಳಿದ ಇಪ್ಪತ್ತೈದು ಮೇಜುಗಳಲ್ಲಿ ಬಿಳಿ ಹಾಳೆಗಳು ಮಾತ್ರ ಕೂತಿದ್ದವು. ಆ ಮಬ್ಬು ಬೆಳಕಿನಲ್ಲಿ ಅವು ಇನ್ನಷ್ಟು ಬಿಳಿಯಾಗಿ ಕಾಣುತ್ತಿದ್ದವು. ಅಮಾವಾಸ್ಯೆ, ಗ್ರಹಣ, ರಾಹುಕಾಲ ಎಂಬುದರ ಗಂಧವೂ ಇಲ್ಲದೆ ದಿನ ಗೊತ್ತುಮಾಡಿದವರು ಅವರೇ.

"ಪಾಸು ಕೈಯಲ್ಲಿದ್ದ ಇಪ್ಪತ್ತನಾಲ್ಕು ಜನ ಬಂದಿಲ್ಲ," ಎಂದರು, ಯಾರಿಗೋ ಹೇಳಿದಂತೆ. "ಪಾಸಿಲ್ಲದವನೊಬ್ಬ ಬಂದಿದ್ದಾನೆ." ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಈಸ್' ಹೊಡೆದು 'ಹ್ಯಾಸ್ ಬೀನ್' ಮಾಡಿದರು, ಎರಡು ಕಡೆ ಬಿಟ್ಟುಹೋದ 'ದ' ತುರುಕಿದರು. ಆಮೇಲೆ ಕೆಳಗೆ ಬರೆದರು: ಕೂಡಲು ಅನುಮತಿಯಿದೆ. ಹನ್ನೆರಡರೊಳಗೆ ಪಾಸು ಬಾರದಿದ್ದರೆ ಉತ್ತರಪತ್ರಿಕೆ ರದ್ದು.

ಎಂಟು ಬಾರಿಸಿತು. ರುದ್ರಪ್ಪ ಬರೆಯತೊಡಗಿದ. ಅವನಿಗೆ ಬಂದದ್ದೂ ಬರೆದ, ಬಾರದ್ದೂ ಬರೆದ, ಯಾರಿಗೂ ಬಾರದ್ದನ್ನೂ ಒಂದಿಷ್ಟು ಬರೆದ. ಒಂಬತ್ತೂವರೆಯ ಹೊತ್ತಿಗೆ ಬಿಸಿಲು ತನ್ನ ಬಣ್ಣಕ್ಕೆ ಮರಳಿತು. ಹತ್ತಾಯಿತು, ಹನ್ನೊಂದಾಯಿತು. ಹನ್ನೊಂದಕ್ಕೆ ಹಾಳೆ ಕೊಟ್ಟು ಉಳಿದ ಆರು ಜನ ಎದ್ದು ಹೋದರು. ರುದ್ರಪ್ಪ ಮಾತ್ರ ಬಾಗಿಲಿಗೆ ಮುಖ ಮಾಡಿ ಕೂತ. ಹನ್ನೊಂದೂವರೆ. ಗೋವಿಂದ ಬಂದು ಖಾಲಿ ಮೇಜುಗಳನ್ನು ಒಂದೊಂದಾಗಿ ಎಳೆದು ಗೋಡೆಗೆ ಒತ್ತರಿಸತೊಡಗಿದ. ಒಂದೊಂದು ಮೇಜು ಸರಿದಾಗಲೂ ರುದ್ರಪ್ಪನ ಎದೆಯಲ್ಲಿ ಒಂದೊಂದು ವ್ಯಾಗನ್ನು ಸರಿದಂತಾಗುತ್ತಿತ್ತು.

ಹನ್ನೆರಡಕ್ಕೆ ಒಂಬತ್ತು ನಿಮಿಷ ಇರುವಾಗ ಲಕ್ಷ್ಮವ್ವ ಬಂದಳು. ತಲೆಯ ಮೇಲೆ ಗಂಟು, ಹಿಂದೆ ಏದುಸಿರು ಬಿಡುತ್ತ ಪಾಂಡುರಂಗ. ರವಿವಾರ ಸಂಜೆ ಬಸ್ಸಿಗೆ ಹೊರಟವನನ್ನು ಅವನ ತಂಗಿ, ನಾಳೆ ಗ್ರಹಣ, ಮುಗಿದು ಸ್ನಾನವಾಗುವ ತನಕ ಹೊರಡಕೂಡದೆಂದು ಬಾಗಿಲಲ್ಲೇ ತಡೆದಿದ್ದಳು. ಗ್ರಹಣ ಬಿಟ್ಟ ಮೇಲೆ ಮೊದಲ ಬಸ್ಸಿಗೆ ಅವನು ಸೀತಾಬರ್ಡಿಗೆ ಬಂದಿಳಿದರೆ ಅಲ್ಲಿ ಲಕ್ಷ್ಮವ್ವ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅವನನ್ನು ಮಾತಾಡಗೊಡದೆ ಹತ್ತಿಸಿಕೊಂಡು ಅಜನಿಗೆ ಹೋಗಿ, ಬೀಗ ತೆಗೆಸಿ, ಗಂಟು ಎತ್ತಿಸಿಕೊಂಡು ಅದೇ ಟಾಂಗಾದಲ್ಲಿ ಬಂದಿದ್ದಳು. ಆ ಕುದುರೆ ಆ ದಿನದ ನಂತರ ನಾಗಪುರದಲ್ಲಿ ಯಾರಿಗೂ ಅಷ್ಟು ವೇಗವಾಗಿ ಓಡಿ ತೋರಿಸಲಿಲ್ಲವಂತೆ.

"ಮಾಫ್ ಮಾಡ್ ಭಾವೂ, ಬಹಿಣ ಬಿಡ್ಲಿಲ್ಲ," ಎಂದ ಪಾಂಡುರಂಗ.

"ಅವನ್ನ ಬೈಬ್ಯಾಡ್ರಿ," ಎಂದಳು ಲಕ್ಷ್ಮವ್ವ. "ಹಾದಿಗುಂಟ ನಾ ಸಾಕಷ್ಟು ಬೈದೀನಿ."

ಸಾಹೇಬರ ಮೇಜಿನ ಮೇಲೆ ಗಂಟು ಬಿಚ್ಚಲಾಯಿತು. ಧೋತರ, ಅಕ್ಕಿ, ಅಡಿಕೆ, ಅರಿಸಿನ ಕೊಂಬು. ಎಲ್ಲಕ್ಕೂ ಕೆಳಗೆ, ಒಂದು ಮೂಲೆ ಹಳದಿಯಾದ ಪಾಸು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಹೆಸರು ಓದಿ, ಗಡಿಯಾರ ನೋಡಿ ಮೊಹರು ಹೊಡೆದರು. ಮೇಜಿನ ಮೇಲೆ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಲಕ್ಷ್ಮವ್ವ ಒಂದೂ ಬಿಡದೆ ಆರಿಸಿಕೊಳ್ಳುವ ತನಕ ಸುಮ್ಮನೆ ಕಾದರು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ನಲವತ್ತು ಬೇಕಾದಲ್ಲಿ ರುದ್ರಪ್ಪನಿಗೆ ನಲವತ್ತೆರಡು. ಉಮಾಕಾಂತ ಮಾಸ್ತರರು ಹಾಳೆ ನೋಡಿ, "ಈ ಎರಡು ಹೆಚ್ಚಿಗಿ ಯಾಕ ತಗೊಂಡಿ? ಪಾಪ, ಯಾರಿಗರ ಬೇಕಾಗಿದ್ವು," ಎಂದರು. ಆಮೇಲೆ ಎದ್ದು ಒಳಗೆ ಹೋಗಿ, ಮನೆಯಲ್ಲಿದ್ದ ಬೆಲ್ಲದ ಅಚ್ಚನ್ನು ಇಡಿಯಾಗಿ ತಂದು ಅವನ ಕೈಗಿಟ್ಟರು.

ಯಾರ್ಡಿನ ಕಚೇರಿಯಲ್ಲಿ ರುದ್ರಪ್ಪನಿಗೆ ಕುರ್ಚಿ ಕೊಟ್ಟರು. ಬೆತ್ತದ್ದು, ಒಂದು ಕಡೆ ಸ್ವಲ್ಪ ಹರಿದದ್ದು. ಮೊದಲ ದಿನ ಅವನು ಮೇಜಿನ ಮುಂದೆ ನಿಂತು ದಫ್ತರ ತೆಗೆದು, ನಿಂತಲ್ಲೇ ಬರೆಯತೊಡಗಿದ. ಕಿಟಕಿಯ ಆಚೆ ಮಾಲುಗಾಡಿ ಬಂದು ನಿಂತಿತು. ಹೊಸ ನಂಬರ್ ಟೇಕರನೊಬ್ಬ ಮಳೆಯಲ್ಲಿ ನೆನೆಯುತ್ತ, ಎಂಜಿನ್ನಿನ ಕಡೆಯಿಂದ ಪುಸ್ತಕ ಹಿಡಿದು ಬರುತ್ತಿದ್ದ. ಅರ್ಧ ಗಂಟೆ ನೋಡಿ ನೋಡಿ ಸಾಕಾದ ಹೆಡ್ ಕ್ಲಾರ್ಕು, "ರುದ್ರಪ್ಪಾ, ಬೈಠೋ ಭಾಯಿ," ಎಂದರು.

ರುದ್ರಪ್ಪ ಕುರ್ಚಿಯನ್ನು ಒಮ್ಮೆ ಒರೆಸಿದ. ಎಡಗಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅತ್ತಿತ್ತ ಸರಿಸಿ, ಕಡೆಗೆ ಮೇಜಿನ ಕೆಳಗೆ ಉದ್ದಕ್ಕೆ ಚಾಚಿ ಕೂತ.